ಬಿಚ್ಚಿ ನೋಡದ ಗರಗಸ

ಕಾರ್ಬನ್ ಮಾವನ ನಾಲಿಗೆ ಸುಮ್ಮನಿರುವಂಥದ್ದಲ್ಲ. ಡ್ರಿಲ್ಲು, ಗ್ರೈಂಡರು, ಕರೆಂಟಿನ ಗರಗಸ, ಏನೇ ಕೆಟ್ಟರೂ ಆ ಬೀದಿಯ ಬಡಗಿಗಳೆಲ್ಲ ಮೆಟ್ಟಿಲ ಕೆಳಗಿನ ಅವನ ಗೂಡಿಗೇ ಬರಬೇಕು. ಬಂದವರು ಬೈಸಿಕೊಂಡೇ ಹೋಗಬೇಕು. "ಇದೇನು ಮಷೀನೋ, ಮಕ್ಕಳ ಆಟಿಕೆಯೋ? ಕಣ್ಣು ಮನೇಲಿಟ್ಟು ಹೋಗಿದ್ಯಾ ಕೊಳ್ಳೋಕೆ?" ಮೋಟಾರಿನ ಕಾರ್ಬನ್ ತುಂಡು ಬದಲಿಸಿ ಬದಲಿಸಿ ಅವನ ಹತ್ತೂ ಬೆರಳು ಕಪ್ಪಾಗಿದ್ದವು, ಹೆಸರು ಬಿದ್ದದ್ದೂ ಅದಕ್ಕೇ. ಹೊಸದನ್ನು ಕೊಳ್ಳುವವರು ಮೊದಲು ಅವನನ್ನೇ ಅಂಗಡಿಗೆ ಕರೆದೊಯ್ಯುತ್ತಿದ್ದರು. ಅವನು ಅಲ್ಲೇ ನಾಲ್ಕು ತಿರುಪು ಬಿಚ್ಚಿ, ಹೊಟ್ಟೆಯೊಳಗೆ ಟಾರ್ಚು ಬಿಟ್ಟು, ಗೇರು ಉಕ್ಕಿನದೋ ಅಲ್ಲವೋ, ಸ್ವಿಚ್ಚು ಗಟ್ಟಿಯೋ ಜೊಳ್ಳೋ ನೋಡಿ "ಹೂಂ" ಅಂದರೆ ಮುಗಿಯಿತು, ಕಣ್ಣುಮುಚ್ಚಿ ತಗೊಳ್ಳಬಹುದು. ಬಿಚ್ಚದೆ ಯಾವುದಕ್ಕೂ ಹೂಂ ಅಂದವನಲ್ಲ.

ಒಂದೇ ಒಂದು ಸಲ ಅಂದ. ಅದೂ ಸ್ವಂತ ಮಗಳಿಗೆ!

ಮಗಳೂ ಬಡಗಿ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ಬಾಗಿಲು, ಕಿಟಕಿ ಮಾಡುತ್ತಾ ಬಂದವಳು. ಹಳೆಯ ಗರಗಸದ ಮೋಟಾರು ಸುಟ್ಟುಹೋಗಿ ಅಪ್ಪ ಮಗಳು ಹೊಸದಕ್ಕೆ ಹೋದರು. ಅಂಗಡಿಯವನು ಮುಂದಿಟ್ಟ ಪೆಟ್ಟಿಗೆಯ ಮೇಲಿದ್ದ ಹೆಸರು ನೋಡಿ ಮಾವ ಅದನ್ನು ಹತ್ತಿರಕ್ಕೆ ಎಳೆದುಕೊಂಡ. ಅವನು ಹರೆಯದಿಂದ ಮೂವತ್ತೆರಡು ವರ್ಷ ಮೋಟಾರಿಗೆ ತಂತಿ ಸುತ್ತಿದ ಕಾರ್ಖಾನೆ ಅದು. ಬೀಗ ಬಿದ್ದು ಒಂಬತ್ತು ವರ್ಷವಾಗಿತ್ತು. ಈಗ ಅದೇ ಹೆಸರು, ಅದರಡಿ ಕೆಂಪು ಅಕ್ಷರದಲ್ಲಿ 'ನಮ್ಮ ದೇಶದಲ್ಲೇ ತಯಾರಾದದ್ದು'.

"ಸೀಲ್ ಒಡೆದ್ರೆ ವಾರಂಟಿ ಇಲ್ಲ ಮಾವ," ಎಂದ ಅಂಗಡಿಯವನು. ಬೇರೆ ದಿನವಾಗಿದ್ದರೆ ಮಾವ ಅವನ ಗ್ರಹಚಾರ ಬಿಡಿಸುತ್ತಿದ್ದ. ಅವತ್ತು ಪೆಟ್ಟಿಗೆಯನ್ನು ಸವರುತ್ತಾ, "ಇದನ್ನೇನು ಬಿಚ್ಚೋದು? ನಮ್ಮ ಕೈಯಲ್ಲಿ ಬೆಳೆದ ಕೂಸು. ತಗೋ ಮಗಳೇ," ಎಂದುಬಿಟ್ಟ. ಪೆಟ್ಟಿಗೆಯ ಬುಡದಲ್ಲಿ ಇರುವೆಯಷ್ಟು ಅಕ್ಷರದಲ್ಲಿ 'ಹೊರದೇಶದ ಬಿಡಿಭಾಗಗಳಿಂದ ಇಲ್ಲಿ ಜೋಡಿಸಲಾಗಿದೆ' ಎಂದು ಬರೆದಿತ್ತು. ಕನ್ನಡಕ ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ ಮಹಾರಾಯ.

ಆಮೇಲೆ ಬಾಯಿಗೆ ಬಿಡುವೇ ಇಲ್ಲ. ಕಂಡಕಂಡವರಿಗೆಲ್ಲ ನಮ್ಮ ಕಾರ್ಖಾನೆ, ನಮ್ಮ ಮಾಲು. ಅವನ ಮಾತು ಕೇಳಿ ಬೀದಿಯ ಇನ್ನೂ ಮೂವರು ಬಡಗಿಗಳು ಅದೇ ಗರಗಸ ತಂದರು.

ತಿಂಗಳು ತುಂಬಿರಲಿಲ್ಲ. ಮಗಳು ಹಲಗೆ ಕೊಯ್ದು ಮುಗಿಸಿ ಸ್ವಿಚ್ಚಿನಿಂದ ಬೆರಳು ತೆಗೆದಳು. ತೆಗೆದ ಮೇಲೆ ಗರಗಸ ನಿಲ್ಲಬೇಕು. ನಿಲ್ಲಲಿಲ್ಲ. ಅಷ್ಟರಲ್ಲಿ ಎಡಗೈ, ಇಪ್ಪತ್ತು ವರ್ಷದ ಅಭ್ಯಾಸಬಲ, ತುಂಡು ಸರಿಸಲು ಹೋಗಿಯೇಬಿಟ್ಟಿತ್ತು.

"ಹೆಬ್ಬೆರಳನ್ನ ಹೊಲಿದಿದ್ದೀವಿ," ಎಂದರು ಡಾಕ್ಟರು. "ರಕ್ತ ಓಡಿದ್ರೆ ಉಳೀತು. ನಾಲ್ಕು ದಿನ ನೋಡೋಣ." ಹೆಬ್ಬೆರಳು ಹೋದರೆ ಉಳಿ ಹಿಡಿಯುವುದು ಹೇಗೆ? ಉಳಿ ಹಿಡಿಯದಿದ್ದರೆ ಅವಳು ಬಡಗಿ ಹೇಗೆ?

ಎರಡನೆಯ ದಿನ ಅವನು ಶೆಡ್ಡಿಗೆ ಹೋಗಿ ಗರಗಸ ಬಿಚ್ಚಿದ. ಸ್ವಿಚ್ಚಿನೊಳಗೆ ಕಾಗದದಷ್ಟು ತೆಳುವಾದ ಎರಡು ತಗಡು ಕಾದು, ಕರಗಿ, ಒಂದಕ್ಕೊಂದು ಅಂಟಿಕೊಂಡಿದ್ದವು, ಬೆರಳು ತೆಗೆದರೂ ಕರೆಂಟು ಕಡಿಯುವಂತಿರಲಿಲ್ಲ. ಕೊಂಡ ದಿನವೇ ಬಿಚ್ಚಿದ್ದರೆ ಆ ತಗಡು ಜೊಳ್ಳೆಂದು ಅರೆಗಳಿಗೆಯಲ್ಲಿ ಕಾಣುತ್ತಿತ್ತು. "ಅಯ್ಯೋ ಪಾಪೀ, ನಿನ್ನ ಕಣ್ಣು ಹಿಂಗಿಹೋಗ," ಎಂದು ತನ್ನನ್ನು ತಾನೇ ಶಪಿಸಿಕೊಂಡು, ಮರದ ಹೊಟ್ಟಿನಲ್ಲಿ ಕೂತು ಹಣೆ ಹಣೆ ಚಚ್ಚಿಕೊಂಡ. ಆಸ್ಪತ್ರೆಗೆ ಹೋಗಿ ಯಾರಿಗೂ ಏನೂ ಹೇಳಲಿಲ್ಲ. ಜಗತ್ತಿಗೆಲ್ಲ ಬೈಯುವ ಬಾಯಿಗೆ ತನ್ನ ತಪ್ಪು ಹೇಳಲು ಬರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಕಟ್ಟು ಬಿಚ್ಚಿದರು. ಹೆಬ್ಬೆರಳು ಇದ್ದಿಲಾಗಿತ್ತು. ಡಾಕ್ಟರು ತಲೆಯಾಡಿಸಿ, "ನಾಳೆ ತೆಗೀಬೇಕು," ಎಂದು ಹೋದರು. ಮಾವ ಮಂಚದ ಕಂಬಿ ಹಿಡಿದು ಅಳತೊಡಗಿದ.

"ಅಳಬೇಡಪ್ಪ," ಎಂದಳು ಮಗಳು. ಅವಳ ಕಣ್ಣೂ ತುಂಬಿತ್ತು. "ನಾನೇ ಅವಸರ ಮಾಡ್ದೆ. ಬಂದೋರಿಗೆಲ್ಲ ಅದನ್ನೇ ಹೇಳಿದ್ದೀನಿ. ಮಷೀನು ನೀನು ನೋಡಿ ಕೊಡಿಸಿದ್ದು, ಅದರದ್ದೇನು ತಪ್ಪು?"

ಆಗಲೂ ಸುಮ್ಮನಿರಬಹುದಿತ್ತು. ಆದರೆ ಆ ಮಾತು ಎದೆಗೆ ನಾಟಿಬಿಟ್ಟಿತು. "ನೋಡ್ಲಿಲ್ಲ ಮಗಳೇ," ಎಂದ. "ಹೆಸರು ನೋಡ್ದೆ, ಒಳಗೆ ನೋಡ್ಲಿಲ್ಲ. ಸ್ವಿಚ್ಚು ಜೊಳ್ಳು. ಮೊನ್ನೆ ಬಿಚ್ಚಿದ್ಮೇಲೆ ಗೊತ್ತಾಯ್ತು."

ಮಗಳು ಬಲಗೈಯಿಂದ ಕಣ್ಣೊರೆಸಿಕೊಂಡಳು. ಆಮೇಲೆ, "ಇನ್ನೂ ಮೂರು ಜನ ತಗೊಂಡಿದ್ದಾರಲ್ಲ, ಅವ್ರಿಗೆ ಹೇಳಿದ್ಯಾ?" ಎಂದಳು.

ಅವನು ತಲೆ ತಗ್ಗಿಸಿದ.

"ಮೊನ್ನೆಯಿಂದ ಗೊತ್ತಿದ್ದೂ ಹೇಳಿಲ್ವಾ? ಇಲ್ಲಿ ಕೂತ್ಕೊಂಡು ಏನಪ್ಪ ಮಾಡ್ತಿದ್ದೀಯ? ಏಳು, ಹೋಗು!"

ಚಪ್ಪಲಿ ಮಂಚದ ಕೆಳಗೇ ಬಿಟ್ಟು ಓಡಿದ. ಬೀದಿಯ ತುದಿಯಲ್ಲಿ ಆ ಮೂವರಲ್ಲೊಬ್ಬನಾದ ಕುರ್ಚಿ ಮಾಡುವವನ ಅಂಗಡಿ. ಗರಗಸ ಕೂಗುತ್ತಿತ್ತು, ಮಾವನ ಕೂಗು ಯಾರಿಗೂ ಕೇಳಿಸಲಿಲ್ಲ. ಅವನು ನುಗ್ಗಿ ಗೋಡೆಯಿಂದ ಪ್ಲಗ್ಗು ಕಿತ್ತ.

"ಮುಟ್ಟಬೇಡ ಕಣೋ ಅದನ್ನ! ನನ್ನ ಮಗಳ ಬೆರಳು ಹೋಯ್ತು. ನಾನು ಬಿಚ್ಚಿ ನೋಡಿರ್ಲಿಲ್ಲ."

ಕುರ್ಚಿಯವನು ಅವನ ಭುಜ ಹಿಡಿದು ಕೂರಿಸಿದ. "ಸುಧಾರಿಸ್ಕೋ ಮಾವ. ಅವಸರ ಮಾಡ್ದೆ ಅಂತ ಅವಳೇ ಹೇಳಿದ್ಳಲ್ಲ. ಮಗಳ ಚಿಂತೇಲಿ ಏನೇನೋ ಮಾತಾಡ್ತಿದ್ದೀಯ. ನೀನು ಹೂಂ ಅಂದ ಮಷೀನಿಗೆ ಏನಾಗುತ್ತೆ?" ಎಂದು ಪ್ಲಗ್ಗಿಗೆ ಕೈ ಚಾಚಿದ.

ಮಾವ ಅವನನ್ನು ತಳ್ಳಿ, ಬೆಂಚಿನ ಮೇಲಿದ್ದ ಕಟ್ಟರ್ ಎತ್ತಿಕೊಂಡು ಗರಗಸದ ವೈರನ್ನು ಬುಡದಲ್ಲೇ ಕತ್ತರಿಸಿದ. ಮಷೀನು ಹಾಳುಮಾಡಿದ್ದು ಜೀವಮಾನದಲ್ಲಿ ಅದೇ ಮೊದಲು. "ಹುಚ್ಚು ಹಿಡೀತು ಮುದುಕನಿಗೆ!" ಎಂದು ಕುರ್ಚಿಯವನು ಕೂಗುತ್ತಿದ್ದ. ಮಾವ ಕಟ್ಟರ್ ಹಿಡಿದುಕೊಂಡೇ, ಅಳುತ್ತಾ, ಉಳಿದಿಬ್ಬರ ಅಂಗಡಿಗಳ ಕಡೆಗೆ ಓಡಿದ.