ಸ್ವಾಗತ ಮೇಜಿನ ಅಕ್ಕ ಓದಬಲ್ಲ ಪುಟ

ಪುಟದ ರೂಪವನ್ನು ಹೇಳುವ ಎಚ್‌ಟಿಎಂಎಲ್‌ಗೂ ಪುಟವನ್ನು ನಡೆಸುವ ಜಾವಾಸ್ಕ್ರಿಪ್ಟ್‌ಗೂ ನಡುವೆ ಗೋಡೆ ಇರಬೇಕೆಂದು ಇಪ್ಪತ್ತೆರಡು ವರ್ಷ ಹಟ ಹಿಡಿದು, ಕಡೆಗೆ ಆ ಹಟವನ್ನೇ ನಮ್ಮ ಆಸ್ಪತ್ರೆಯ ಗಣಕ ವಿಭಾಗದ ರೂಢಿಯನ್ನಾಗಿಸಿದ ಹಿರಿಯರು, ನಾವೆಲ್ಲ ‘ಅಚ್ಚು ಸರ್’ ಎಂದು ಕರೆಯುವ ಮಾನ್ಯರು, ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಹೊಗಳಿದರೆ ಮುಖ ಸಿಂಡರಿಸುವವರಾದ್ದರಿಂದ ನಡೆದದ್ದನ್ನಷ್ಟೇ ಬರೆಯುತ್ತೇನೆ.

ಕೆಲಸಕ್ಕೆ ಸೇರಿದ ವರ್ಷ ನಾನು ಹೊರರೋಗಿಗಳ ನೋಂದಣಿ ಪುಟವನ್ನು ಬರೆದೆ. ಶೀರ್ಷಿಕೆ, ಪಟ್ಟಿ, ಗುಂಡಿ ಎಲ್ಲವನ್ನೂ ಉದ್ಧರಣ ಚಿಹ್ನೆಗಳೊಳಗೆ ತುರುಕಿ, ಕೂಡಿಸುವ ಚಿಹ್ನೆಗಳಿಂದ ಪೋಣಿಸಿ, ಜಾವಾಸ್ಕ್ರಿಪ್ಟಿನ ಹೊಟ್ಟೆಗೇ ಹಾಕಿದ್ದೆ. ಮಹಾ ಜಾಣತನವೆಂದು ಬೀಗಿದ್ದೂ ಉಂಟು! ಪುಟದ ಮಾತುಗಳನ್ನು ತಿದ್ದುವ ಹೊಣೆ ಸ್ವಾಗತ ಮೇಜಿನ ಅಕ್ಕನದು. "ಪದ ಬದಲಾಯಿಸಿದ್ರೆ ಆಯ್ತು, ಏನೂ ಆಗಲ್ಲ ಅಕ್ಕ" ಎಂದು ಕಡತ ತೆರೆದುಕೊಟ್ಟವಳು ನಾನೇ. ಅವರು ಒಂದು ಪದ ತಿದ್ದುವಾಗ ಪಕ್ಕದ ಉದ್ಧರಣ ಚಿಹ್ನೆಯೂ ಅಳಿಸಿಹೋಗಿ ಇಡೀ ಜಾವಾಸ್ಕ್ರಿಪ್ಟೇ ಕೆಟ್ಟು ನಿಂತಿತು. ಮರುದಿನ ಬೆಳಿಗ್ಗೆ ಪರದೆ ಪೂರಾ ಖಾಲಿ. ರೋಗಿಗಳ ಸಾಲು ಮೆಟ್ಟಿಲಿಳಿದು ರಸ್ತೆಗೆ ಬಂದಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆಡಳಿತಾಧಿಕಾರಿಗಳು ಅಕ್ಕನನ್ನು ಕೆಲಸದಿಂದ ತೆಗೆಯುವ ಪತ್ರ ಸಿದ್ಧಪಡಿಸಿದರು. ಕಡತ ಮುಟ್ಟಲು ಹೇಳಿದ್ದು ಯಾರೆಂದು ಅವರು ಕೇಳಿದಾಗ ನಾನು ನೆಲ ನೋಡುತ್ತ ನಿಂತೆ. ಅಕ್ಕನೂ ನನ್ನ ಹೆಸರೆತ್ತಲಿಲ್ಲ. ಆಗ ಅಚ್ಚು ಸರ್ ಎದ್ದು, "ಪದ ತಿದ್ದೋಕೆ ಹೋದವರ ಕೈ ಯಂತ್ರಕ್ಕೆ ಸಿಗೋ ಹಾಗೆ ಕಟ್ಟಿದ್ದು ನಮ್ಮ ವಿಭಾಗ. ತೆಗೆಯೋದಾದ್ರೆ ನನ್ನನ್ನ ತೆಗೀರಿ" ಎಂದರು. ಪತ್ರಕ್ಕೆ ಸಹಿ ಬೀಳಲಿಲ್ಲ.

ಮುಂದಿನ ಮೂರು ತಿಂಗಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಟೆಂಪ್ಲೇಟ್ ಎಂಬ ಅಚ್ಚುಗಳನ್ನು ಕಟ್ಟಿಸಿದರು: ಮಾತೂ ರೂಪವೂ ಒಂದು ಕಡತದಲ್ಲಿ, ನಡೆಸುವ ಕೋಡ್ ಇನ್ನೊಂದರಲ್ಲಿ, ರೋಗಿಯ ಹೆಸರು ಬರಬೇಕಾದಲ್ಲಿ ಗುರುತಿಟ್ಟ ಖಾಲಿ ಜಾಗ. ಆಮೇಲೆ ಪುಟ ಕಟ್ಟುವ ಸಿದ್ಧ ಚೌಕಟ್ಟುಗಳು, ಫ್ರೇಮ್‌ವರ್ಕ್‌ಗಳು, ಎಷ್ಟೋ ಬಂದವು, ಹೋದವು. ಅವರ ನಿಯಮ ಬದಲಾಗಲಿಲ್ಲ. ಪ್ರತಿ ಅಚ್ಚನ್ನೂ ಮುದ್ರಿಸಿ ಅಕ್ಕನ ಮುಂದಿಡುವರು. ಆಕೆ ತಡವರಿಸದೆ ಓದಿದರೆ ಮಾತ್ರ ಒಪ್ಪಿಗೆ. ಮಾತಿನ ನಡುವೆ ಕೋಡಿನ ಚಿಹ್ನೆ ಕಂಡು "ಇದೇನೇ, ಮಧ್ಯೆ ಮುಳ್ಳು?" ಎಂದರೋ, ನಾನು ಮೊದಲಿಂದ ಬರೆಯಬೇಕು. ಅಂದು ಕಡತ ತೆರೆದುಕೊಟ್ಟವರು ಯಾರೆಂದು ಮಾತ್ರ ಸರ್ ಎಂದೂ ಕೇಳಲಿಲ್ಲ. ಬೈದಿದ್ದರೆ ಇಷ್ಟು ಸುಡುತ್ತಿರಲಿಲ್ಲ.

ರೂಢಿಯಂತೆ ಈ ಲೇಖನವನ್ನೂ ಮುದ್ರಿಸಿ ಅಕ್ಕನ ಮುಂದಿಟ್ಟೆ. ನಾನು ನೆಲ ನೋಡುತ್ತ ನಿಂತ ಸಾಲಿನಲ್ಲಿ ಅವರು ತಡವರಿಸಿದರು. ಬೇರೆ ಥರ ಬರೆಯಲೇ ಎಂದು ಕೇಳಿದೆ.

"ಬೇಡ ಕಣೆ. ಇಷ್ಟು ವರ್ಷ ಆದ್ಮೇಲೆ ಬರೆದಿದ್ದೀಯ. ಇದೊಂದನ್ನ ನಾನು ತಿದ್ದಲ್ಲ."

ಅಚ್ಚು ಸರ್ ಆರೋಗ್ಯದಿಂದ ನೂರು ವರ್ಷ ಬಾಳಲಿ, ಇನ್ನೂ ಹಲವು ಅಚ್ಚುಗಳನ್ನು ಕಟ್ಟಲಿ. ಅವರು ಕೇಳದೆ ಬಿಟ್ಟ ಪ್ರಶ್ನೆಗೆ ನನ್ನ ಉತ್ತರ, ತಡವಾಗಿಯಾದರೂ, ಅವರ ಕೈ ಸೇರಲಿ.