ಕ್ಯಾನಣ್ಣ ಕೊರೆದ ತೂತು

ಕುಡಿಯುವ ನೀರಿನ ಕ್ಯಾನುಗಳನ್ನು ಮನೆಮನೆಗೆ ಹಾಕುವ ಆತನನ್ನು ಊರೆಲ್ಲ ಕ್ಯಾನಣ್ಣ ಎಂದೇ ಕರೆಯುತ್ತಿತ್ತು. ಆರಡಿ ಆಳು. ತುಂಬಿದ ಕ್ಯಾನು ಹೆಗಲ ಮೇಲೊಂದು, ಕೈಯಲ್ಲೊಂದು ಹಿಡಿದು ಮೂರು ಮಹಡಿ ಹತ್ತಿದರೂ ಏದುಸಿರು ಬಿಡುತ್ತಿರಲಿಲ್ಲ. ಆದರೆ ಒಂದು ಮಾತು ಆಡಬೇಕೆಂದರೆ ಮೈಯೆಲ್ಲ ಬೆವರು. ಯಾವ ಬಾಗಿಲ ಮುಂದೆಯೂ ನಿಂತು ಅವನು ಕೂಗಿದ್ದನ್ನು ಕೇಳಿದವರಿಲ್ಲ. ಕೂಗುವ ಅಗತ್ಯವೂ ಇರಲಿಲ್ಲ. ಆ ಕೆಲಸವನ್ನು ಅವನ ಪಿಕಪ್ಪು ವಹಿಸಿಕೊಂಡಿತ್ತು.

ಹದಿನೆಂಟು ವರ್ಷದ ಪೆಟ್ರೋಲ್ ಪಿಕಪ್ಪು ಅದು. ಹಳೆಯದಾದರೂ ಇಂಜೆಕ್ಷನ್ ಗಾಡಿ. ಎಷ್ಟು ಪೆಟ್ರೋಲ್ ಹನಿಸಬೇಕೆಂದು ಒಳಗಿನ ಪುಟ್ಟ ಕಂಪ್ಯೂಟರೇ ಲೆಕ್ಕ ಹಾಕುತ್ತಿತ್ತು. ಸೈಲೆನ್ಸರಿನ ಹೊಟ್ಟೆ ಮಾತ್ರ ತುಕ್ಕು ಹಿಡಿದು ಜಾಲರಿಯಾಗಿತ್ತು. ಗಾಡಿ ಬೀದಿಯ ಮೂಲೆ ತಿರುಗುವ ಮುಂಚೆಯೇ ಕಿಟಕಿಯ ಗಾಜುಗಳು ನಡುಗುತ್ತಿದ್ದವು. ಹೆಂಗಸರು ಒಲೆ ಸಣ್ಣಗೆ ಮಾಡಿ ಖಾಲಿ ಕ್ಯಾನು ಹೊರಗಿಡುತ್ತಿದ್ದರು. ಮೂರನೇ ಬೀದಿಯ ಮಹಡಿ ಮನೆಯ ಮೇಷ್ಟರು ಆ ಸದ್ದು ಕೇಳಿದೊಡನೆ ಕನ್ನಡಕ ಹುಡುಕಲು ಶುರುಮಾಡಿದರೆ, ಗಾಡಿ ಬಂದು ನಿಲ್ಲುವಷ್ಟರಲ್ಲಿ ಕನ್ನಡಕ ಸಿಕ್ಕಿರುತ್ತಿತ್ತು.

ಅವನ ಮದುವೆ ಮಾಡಿಸಿದ್ದೂ ಆ ಪಿಕಪ್ಪೇ. ಊರಾಚೆ ಒಬ್ಬ ಹೆಂಗಸಿನ ಸೈಲೆನ್ಸರ್ ಗ್ಯಾರೇಜಿತ್ತು. ಗಂಡ ತೀರಿಕೊಂಡ ಮೇಲೆ ವೆಲ್ಡಿಂಗ್ ಕನ್ನಡಕ ತಾನೇ ಹಾಕಿಕೊಂಡಾಕೆ. ಮಗಳು ಗ್ಯಾರೇಜಿನ ಮೂಲೆಯ ಮೇಜಿನ ಮುಂದೆ ಕೂತು ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದಳು. ಕ್ಯಾನಣ್ಣ ಒಂದೇ ವರ್ಷದಲ್ಲಿ ಹನ್ನೊಂದು ಸಲ ಗಾಡಿ ತಂದು ನಿಲ್ಲಿಸಿದ. ಹನ್ನೊಂದನೇ ಸಲ ಆಕೆ ಗಾಡಿಯ ಕೆಳಗಿನಿಂದ ತೆವಳಿ ಹೊರಬಂದು, ಕೈ ಒರೆಸಿಕೊಳ್ಳುತ್ತ, "ಗಾಡಿಗೆ ಏನೂ ಆಗಿಲ್ಲಪ್ಪ. ಆಗಿರೋದು ನಿನಗೆ. ಏನಂತ ಹೇಳು" ಅಂದಳು. ಕ್ಯಾನಣ್ಣ ನೆಲ ನೋಡಿದ. ನೆಲದ ಮೇಲಿನ ಆಯಿಲ್ ಕಲೆ ನೋಡಿದ. ಮೂಲೆಯ ಮೇಜಿನಿಂದ ಮಗಳ ದನಿ ಬಂತು: "ಬಿಡಮ್ಮ, ಅವರು ಹೇಳಾಯ್ತು."

ಹೀಗೆ ಸೈಲೆನ್ಸರ್ ಕಟ್ಟುವಾಕೆ ಅತ್ತೆಯಾದಳು. ಅಳಿಯನ ಗಾಡಿ ಮಾತ್ರ ವರ್ಷದಿಂದ ವರ್ಷಕ್ಕೆ ಜೋರಾಗಿ ಅರಚುತ್ತಲೇ ಹೋಯಿತು. "ಒಂದು ದಿನ ಬಿಟ್ಟು ಹೋಗಿ ಅಳಿಯಂದಿರೇ, ನನ್ನ ಮರ್ಯಾದೆನಾದ್ರೂ ಉಳೀಲಿ" ಎಂದು ಆಕೆ ಕಂಡಾಗಲೆಲ್ಲ ಹೇಳುತ್ತಿದ್ದಳು. ಅಳಿಯ ನಕ್ಕು ಜಾರಿಕೊಳ್ಳುತ್ತಿದ್ದ.

ಕೊನೆಗೆ ಹೊಗೆ ತಪಾಸಣೆಯಲ್ಲಿ ಗಾಡಿ ಫೇಲಾಯಿತು. ವಾರದೊಳಗೆ ಸರಿಪಡಿಸದಿದ್ದರೆ ರಸ್ತೆಗಿಳಿಯುವಂತಿಲ್ಲ ಎಂದು ಚೀಟಿ ಕೊಟ್ಟರು. ಬೇರೆ ದಾರಿಯಿರಲಿಲ್ಲ, ಅವನು ಗಾಡಿಯನ್ನು ಗ್ಯಾರೇಜಿಗೆ ತಂದ. ಅತ್ತೆ ಅದನ್ನು ಜಾಕಿನ ಮೇಲೇರಿಸಿ ಟಾರ್ಚು ಬಿಟ್ಟಳು.

"ಬನ್ನಿ ಇಲ್ಲಿ, ಬಗ್ಗಿ ನೋಡಿ. ಪೈಪಿನ ಮೇಲೆ ಈ ಗುಬುಟು ಕಾಣುತ್ತಲ್ಲ, ಇದು ಸೆನ್ಸರು. ಗಾಡಿಯ ಮೂಗು ಅಂದ್ಕೊಳ್ಳಿ. ಹೊಗೆ ಮೂಸಿ ನೋಡಿ ಒಳಗೆ ಚಾಡಿ ಹೇಳೋದೇ ಇದರ ಕೆಲಸ. ನಿಮ್ಮ ಪೈಪು ಇದಕ್ಕಿಂತ ಮುಂಚೆ ಬಿರುಕು ಬಿಟ್ಟಿದೆ. ಹೊರಗಿನ ಗಾಳಿ ಒಳಗೆ ನುಗ್ಗುತ್ತೆ. ಮೂಗಿಗೆ ಗಾಳಿಯ ವಾಸನೆನೇ ಜಾಸ್ತಿ ಬಡಿಯುತ್ತೆ. ಪೆಟ್ರೋಲ್ ಸಾಲ್ತಿಲ್ಲ ಅಂತ ಅದು ದೂರು ಕೊಡುತ್ತೆ. ಒಳಗಿರೋ ಪೆದ್ದು ಕಂಪ್ಯೂಟರು ನಂಬಿ ಇನ್ನಷ್ಟು ಸುರಿಯುತ್ತೆ. ಕಪ್ಪು ಹೊಗೆ ಬರದೆ ಇನ್ನೇನು ಬರಬೇಕು?"

ಕ್ಯಾನಣ್ಣ ತಲೆಯಾಡಿಸಿದ. ಮೂಗಿನವರೆಗೆ ಅರ್ಥವಾಗಿತ್ತು.

ಆಕೆ ಎರಡು ದಿನ ಕೂತು ಮುಂದಿನಿಂದ ಹಿಂದಿನವರೆಗೆ ಸ್ಟೀಲಿನ ಹೊಸ ಪೈಪು ಕಟ್ಟಿದಳು. ಹಳೆಯದಕ್ಕಿಂತ ಕೊಂಚವೇ ಅಗಲ. "ಇನ್ನೂ ಅಗಲ ಮಾಡಿದ್ರೆ ಕ್ಯಾನು ಹೊತ್ತು ಏರು ಹತ್ತೋವಾಗ ಎಳೆತ ಸಾಲಲ್ಲ" ಎಂದಳು. ತಿರುವುಗಳಲ್ಲಿ ಪೈಪು ಎಲ್ಲೂ ಚಪ್ಪಟೆಯಾಗದಂತೆ ಬಾಗಿಸಿದಳು. ಸೆನ್ಸರಿಗೆ ಹೊಸ ಗೂಡು, ಕೊನೆಯಲ್ಲಿ ಹೊಸ ಸೈಲೆನ್ಸರು. ಬೆಸುಗೆಯ ಗೆರೆ ರವಿಕೆಯ ಅಂಚಿಗೆ ಹಾಕಿದ ಕೈಹೊಲಿಗೆಯಂತೆ ಸಾಲಾಗಿ ಕೂತಿತ್ತು.

ಗಾಡಿ ತಪಾಸಣೆಯಲ್ಲಿ ಪಾಸಾಯಿತು. ಏರು ಹತ್ತುವಾಗ ತಿಣುಕುವುದು ನಿಂತಿತು. ಸದ್ದೂ ನಿಂತಿತು.

ಮರುದಿನ ಮೊದಲನೇ ಬೀದಿಯಲ್ಲಿ ಗಾಡಿ ನಿಲ್ಲಿಸಿ ಕಾದ. ಒಂದು ಬಾಗಿಲೂ ತೆರೆಯಲಿಲ್ಲ. ಎರಡನೆಯದರಲ್ಲಿ ಒಬ್ಬಾಕೆ ಕಸ ಹಾಕಲು ಬಂದವಳು ಬೆಚ್ಚಿಬಿದ್ದು, "ಯಾವಾಗ ಬಂದ್ರಿ? ಕಳ್ಳನ ಹಾಗೆ ನಿಂತಿದ್ದೀರಲ್ಲ" ಅಂದಳು. ಮೂರನೆಯದರಲ್ಲಿ ಮೇಷ್ಟರ ಕಿಟಕಿಯನ್ನು ಹತ್ತು ನಿಮಿಷ ನೋಡಿದ. ಅರವತ್ತು ಕ್ಯಾನು ಹೊತ್ತು ಹೋದ ಗಾಡಿ ನಲವತ್ತನ್ನು ಹಾಗೇ ವಾಪಸ್ ತಂದಿತು. ಹಾರ್ನ್ ಹೊಡೆದು ನೋಡಿದ. ಜನ ದಾರಿ ಬಿಟ್ಟರೇ ಹೊರತು ಬಾಗಿಲು ತೆರೆಯಲಿಲ್ಲ. ನಾಲ್ಕನೇ ದಿನ ಮೂರನೇ ಬೀದಿಗೆ ಬೇರೊಂದು ನೀರಿನ ವ್ಯಾನು ಬಂದಿತ್ತು. ಅದರ ನೆತ್ತಿಯ ಮೇಲಿನ ಸ್ಪೀಕರು ಹೇಳಿದ್ದನ್ನೇ ಹೇಳುತ್ತಿತ್ತು. ಹನ್ನೆರಡು ವರ್ಷದ ಬೀದಿ ಕಣ್ಣೆದುರೇ ಕೈಜಾರುತ್ತಿತ್ತು.

"ನೀರು ಅನ್ನಿ, ಸಾಕು. ಎರಡೇ ಅಕ್ಷರ" ಅಂದಳು ಹೆಂಡತಿ. ಅವರ ಮನೆ ಮೂರನೇ ಬೀದಿಯ ಹಿಂದಿನ ಸಾಲಿನಲ್ಲೇ ಇತ್ತು. ಸ್ಪೀಕರಿನ ಗದ್ದಲ ಅವಳ ಕಿವಿಗೂ ಬಿದ್ದಿತ್ತು.

ಅವನು ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದ. ಸ್ವಲ್ಪ ಹೊತ್ತಿಗೆ ಅವಳು ಬಾಗಿಲು ತಟ್ಟಿ, "ನಲ್ಲಿ ಸೋರ್ತಿದೆಯಾ? ಏನೋ ಗೊಳಗೊಳ ಅಂತಿದೆ" ಎಂದು ಕೇಳಿದಳು.

ಭಾನುವಾರ ಹೆಂಡತಿ ಮಾರುಕಟ್ಟೆಗೆ ಹೋದ ಸಮಯ ನೋಡಿ ಕ್ಯಾನಣ್ಣ ಡ್ರಿಲ್ ಮೆಷಿನ್ ಹಿಡಿದು ಗಾಡಿಯ ಕೆಳಗೆ ನುಸುಳಿದ. ಸದ್ದು ಹೊರಬರಲು ಪೈಪಿಗೆ ಒಂದೇ ಒಂದು ತೂತು, ಬೆರಳು ಹೋಗುವಷ್ಟು. ಹಿಂದುಗಡೆ ಸ್ಟೆಪ್ನಿ ಅಡ್ಡ ಬರುತ್ತಿತ್ತು. ಇಂಜಿನ್ನಿನ ಹತ್ತಿರವಾದರೆ ಕೈ ಸಲೀಸಾಗಿ ಹೋಗುತ್ತಿತ್ತು. ಅಲ್ಲೇ ಕೊರೆದ. ಮೂಗಿನ ಮಾತು ಆಗ ನೆನಪಾಗಲಿಲ್ಲ.

ಸೋಮವಾರ ಗಾಡಿ ಸದ್ದು ಮಾಡಿತು, ನಿಜ. ಹಳೆಯ ಗುಡುಗಲ್ಲ, ಹಲ್ಲಿಲ್ಲದವರು ಸೀಟಿ ಹೊಡೆದ ಹಾಗೆ. ಎರಡನೇ ಬೀದಿ ತಲುಪುವಷ್ಟರಲ್ಲಿ ಸ್ಟೀರಿಂಗಿನ ಮುಂದೆ ಇಂಜಿನ್ ಕೆಟ್ಟಿದೆಯೆನ್ನುವ ಹಳದಿ ದೀಪ ಹತ್ತಿತು. ಇಸ್ತ್ರಿ ಅಂಗಡಿಯ ಮುಂದೆ ಗಾಡಿ ಮುಗ್ಗರಿಸಿ, ಒಣಹಾಕಿದ್ದ ಹತ್ತು ಬಿಳಿ ದುಪ್ಪಟಿಗಳ ಮೇಲೆ ಕಪ್ಪು ಹೊಗೆ ಉಗುಳಿತು. ಇಸ್ತ್ರಿಯವನು ಪೆಟ್ಟಿಗೆ ಕೆಳಗಿಟ್ಟು ಹೊರಬಂದು, "ಅಣ್ಣ, ಬಣ್ಣ ಹಾಕೋ ಕೆಲಸನೂ ಶುರು ಮಾಡಿದ್ರಾ?" ಅಂದ. ಅವುಗಳನ್ನು ಮತ್ತೆ ಒಗೆಯಲು ಆರು ಕ್ಯಾನು ನೀರು ಇಳಿಸಿಕೊಟ್ಟು ಕ್ಯಾನಣ್ಣ ನೇರ ಗ್ಯಾರೇಜಿನ ಹಾದಿ ಹಿಡಿದ.

ಅತ್ತೆ ಟಾರ್ಚು ಹಿಡಿದು ಕೆಳಗೆ ನುಸುಳಿದಳು. ಆಮೇಲೆ ಗಾಡಿಯ ಅಡಿಯಿಂದ ದನಿ ಬಂತು.

"ಇಲಿ ಕಡಿದಿದೆ."

ಕ್ಯಾನಣ್ಣ ಒಂದು ಹೆಜ್ಜೆ ಹಿಂದೆ ಸರಿದ.

"ಸ್ಟೀಲ್ ಕಡಿಯೋ ಇಲಿ. ದುಂಡಗೆ, ಅಳತೆ ಹಿಡಿದು ಕಡಿದಿದೆ. ಬುದ್ಧಿವಂತ ಇಲಿ ಅನ್ನೋಣ ಅಂದ್ರೆ ಸೆನ್ಸರಿಗಿಂತ ಮುಂಚೆನೇ ಕಡಿದಿದೆ."

"ಅತ್ತೆ" ಅಂದ ಅವನು. ಬೆವರು ಕಿವಿಯ ಹಿಂದಿನಿಂದ ಇಳಿಯಿತು. "ಗಾಡಿ ಕೂಗದಿದ್ರೆ ನಾನು ಬಂದಿದ್ದು ಯಾರಿಗೂ ಗೊತ್ತಾಗಲ್ಲ."

ಅಳಿಯನ ಬಾಯಿಂದ ಆಕೆ ಕೇಳಿದ ಅತಿ ಉದ್ದದ ಮಾತು ಅದು. ತೆವಳಿ ಹೊರಬಂದು ನೆಲದ ಮೇಲೆಯೇ ಕೂತಳು. ಕೆನ್ನೆಯ ಮೇಲೆ ಮಸಿ ಇತ್ತು. ಮುಖದಲ್ಲಿ ತಮಾಷೆ ಇರಲಿಲ್ಲ.

"ಮೊದಲೇ ಹೇಳಬಾರದಿತ್ತಾ? ಇದನ್ನ ಮುಚ್ಚಿ, ಸೆನ್ಸರ್ ದಾಟಿದ ಮೇಲೆ ಸೈಲೆನ್ಸರಿಗೇ ಒಂದು ತೂತು ಹಾಕಿಕೊಡ್ತೀನಿ. ಮೊದಲಿನ ಹಾಗೇ ಅರಚುತ್ತೆ. ನನ್ನ ಮರ್ಯಾದೆ ಹೋಗುತ್ತೆ, ಹೋಗ್ಲಿ ಬಿಡಿ. ನಿಮ್ಮ ಹೊಟ್ಟೆಪಾಡು."

ಬ್ಯಾಟರಿಯ ತಂತಿ ಕಳಚಿಟ್ಟು ಆಕೆ ಮೊದಲ ತೂತು ಮುಚ್ಚಿದಳು. ನೀಲಿ ಬೆಳಕು ಆರಿದ ಮೇಲೆ ಕ್ಯಾನಣ್ಣ ಬಗ್ಗಿ ನೋಡಿದ. ಎರಡು ದಿನದ ಹೊಲಿಗೆಯ ನಡುವೆ ತನ್ನ ಕೈಯಿಂದಾದ ಒಂದು ತೇಪೆ. ಆಕೆ ಡ್ರಿಲ್ ಎತ್ತಿಕೊಂಡು ಸೈಲೆನ್ಸರಿನ ಕಡೆ ಸರಿದಳು.

"ಬೇಡ ಅತ್ತೆ" ಅಂದ.

"ಮತ್ತೆ?"

ಅವನು ಬ್ಯಾಟರಿಯ ತಂತಿ ಮತ್ತೆ ಸಿಕ್ಕಿಸಿ ಗಾಡಿ ಹತ್ತಿದ.

ಮೂರನೇ ಬೀದಿಯ ಆ ತುದಿಯಲ್ಲಿ ಸ್ಪೀಕರಿನ ವ್ಯಾನು ಆಗಲೇ ನಿಂತಿತ್ತು. ಕ್ಯಾನಣ್ಣ ಮೇಷ್ಟರ ಮನೆಯ ಕೆಳಗೆ ಇಳಿದು, ಒಂದು ಕ್ಯಾನನ್ನು ಹೆಗಲಿಗೇರಿಸಿದ. ಹೊರೆಯಿದ್ದರೆ ಕಾಲು ನಡುಗುವುದಿಲ್ಲ. ಬಾಯಿ ತೆರೆದ. ಮೊದಲ ಸಲ ಬಿಕ್ಕಳಿಕೆಯಂಥದ್ದೇನೋ ಬಂತು. ಕಟ್ಟೆಯ ಮೇಲಿನ ಬೆಕ್ಕು ತಲೆಯೆತ್ತಿ ನೋಡಿತು.

ಎರಡನೇ ಸಲ "ನೀರು" ಎಂಬ ಮಾತು ಪೂರ್ತಿಯಾಗಿ ಹೊರಬಂತು. ಇಷ್ಟು ವರ್ಷ ಒಳಗೇ ಉಳಿದದ್ದಕ್ಕೋ ಏನೋ, ಅದು ಆಳವಾಗಿ, ದುಂಡಗೆ, ಬೀದಿಯ ಆ ತುದಿ ಮುಟ್ಟುವಷ್ಟು ಉದ್ದವಾಗಿ ಬಂತು. ಕಿಟಕಿಯ ಗಾಜುಗಳು ನಡುಗಿದವು.

ಮೇಷ್ಟರು ಕನ್ನಡಕವಿಲ್ಲದೆಯೇ ಮಹಡಿಯ ಕಟಕಟೆಗೆ ಬಂದರು. "ಯಾರಪ್ಪ ಅದು?"

"ನಾನೇ ಮೇಷ್ಟ್ರೇ. ಕ್ಯಾನು."

"ನೀನಾ? ಹನ್ನೆರಡು ವರ್ಷ ಈ ಗಂಟಲನ್ನ ಎಲ್ಲಿ ಇಟ್ಟಿದ್ದೆ? ಹತ್ತು ಮೇಲಕ್ಕೆ, ಎರಡು ಬೇಕು."

ಎದುರುಮನೆಯ ಬಾಗಿಲು ತೆರೆಯಿತು. ಅದರ ಪಕ್ಕದ್ದೂ. ಖಾಲಿ ಕ್ಯಾನುಗಳು ಒಂದೊಂದಾಗಿ ಹೊರಬಂದವು. ಅವನು ಮೂರನೇ ಸಲ ಕೂಗಿದ. ನಾಲ್ಕನೇ ಸಲದ್ದು ಅಗತ್ಯವಿರಲಿಲ್ಲ. ರುಚಿ ಹತ್ತಿತ್ತು, ಅದಕ್ಕೇ ಕೂಗಿದ.

ಮಧ್ಯಾಹ್ನ ಖಾಲಿ ಗಾಡಿಯನ್ನು ಮನೆಯ ಗೇಟಿನ ಮುಂದೆ ನಿಲ್ಲಿಸಿದಾಗ ಇಂಜಿನ್ ಓಡುತ್ತಿರುವುದೇ ತಿಳಿಯುವಂತಿರಲಿಲ್ಲ. ಇಳಿದು, ಗಂಟಲು ಸರಿಪಡಿಸಿಕೊಂಡು, "ಬಂದೆ" ಎಂದು ಕೂಗಿದ.

ಹೆಂಡತಿ ಆಗಲೇ ಗೇಟು ತೆರೆದು ನಿಂತಿದ್ದಳು. "ಗೊತ್ತು" ಅಂದಳು. "ಆಗಿನಿಂದ ಕೇಳ್ತಾನೇ ಇದ್ದೀನಿ. ಅಮ್ಮನಿಗೆ ಹೇಳಿ ನಿಮಗೂ ಒಂದು ಸೈಲೆನ್ಸರ್ ಕಟ್ಟಿಸಬೇಕು."