ತಾಳ ನುಂಗಿದ ಹೊಸ ಸ್ಪೀಕರು

ಪಂಚೇಂದ್ರಿಯಗಳಲ್ಲಿ ಕಿವಿಯೇ ಹಿರಿಯದು. ಕಣ್ಣಿಗೆ ರೆಪ್ಪೆಯಿದೆ, ಬಾಯಿಗೆ ತುಟಿಯಿದೆ, ಕಿವಿಗೆ ಬಾಗಿಲೇ ಇಲ್ಲ. ಅದು ಜ್ಞಾನಕ್ಕಾಗಿ ಸದಾ ತೆರೆದಿರುವ ಇಂದ್ರಿಯ. ಈ ಮಾತನ್ನು ಆಳಂದದ ಶಾಲೆಯಲ್ಲಿ ಮೂವತ್ತು ವರ್ಷ ಹೇಳಿದೆ. ಒಂದು ಮಗುವೂ ಕೇಳಿಸಿಕೊಂಡ ಲಕ್ಷಣ ಕಾಣಲಿಲ್ಲ.

ನಿವೃತ್ತನಾದ ಮೇಲೆ ನನಗೆ ಉಳಿದ ಒಂದೇ ಅಧಿಕಾರ ಎಂದರೆ ನಮ್ಮ ಓಣಿಯ ಭಜನಾ ಮೇಳದ ತಾಳ. ಎರಡು ಸಣ್ಣ ಕಂಚಿನ ಬಟ್ಟಲು, ನಡುವೆ ಒಂದು ದಾರ. ಸೋಮವಾರ ಮಠದಲ್ಲಿ ನಾನು ಅದನ್ನು ತಟ್ಟದೆ ಯಾವ ಪದವೂ ಮುಂದಕ್ಕೆ ಹೋಗುವುದಿಲ್ಲ ಎಂದು ನಾನು ನಂಬಿದ್ದೇನೆ. ಹಾರ್ಮೋನಿಯಂ ನುಡಿಸುವವರ ನಂಬಿಕೆ ಬೇರೆ. ಕಡಗಂಚಿಯಿಂದ ಬರುವ ಒಬ್ಬ ನಿವೃತ್ತ ಗುಮಾಸ್ತರಂತೂ ನಾಲ್ಕು ವರ್ಷದಿಂದ ಆ ತಾಳದ ಮೇಲೆ ಕಣ್ಣಿಟ್ಟಿದ್ದರು.

ಕಳೆದ ಶ್ರಾವಣದಲ್ಲಿ ಮನೆಗೆ ಹೊಸ ಸ್ಪೀಕರುಗಳ ಜೋಡಿ ಬಂತು. ಪೂಜೆ ಮುಗಿಸಿ, ಮೇಳದ ಭಜನೆ ತುಂಬಿಸಿದ ಪೆನ್‌ಡ್ರೈವ್ ಚುಚ್ಚಿ, ಗಂಭೀರವಾಗಿ ಕುರ್ಚಿಯಲ್ಲಿ ಕುಳಿತೆ. ತಬಲಾ ಗುಡುಗಿತು. ಹಾರ್ಮೋನಿಯಂ ಕಂಬಳಿ ಹೊದ್ದುಕೊಂಡು ಹಾಡಿತು. ನನ್ನ ತಾಳ ಮಾತ್ರ ಪಕ್ಕದ ಮನೆಯಲ್ಲಿ ಯಾರೋ ರೊಟ್ಟಿ ಬಡಿದಂತೆ ತಪ್ ತಪ್ ಎಂದಿತು.

"ತಾಳ ಎಲ್ಲಿ ಹೋತು?" ಎಂದೆ.

"ತಾಳ ಅಲ್ರಿ, ನಿಮ್ಮ ಕಿವೀನೇ ಹೋಗ್ಯಾವ," ಎಂದಳು ಹೆಂಡತಿ, ಬಿಡಿಸುತ್ತಿದ್ದ ಪುಂಡಿಪಲ್ಯೆ ಸೊಪ್ಪಿನಿಂದ ತಲೆಯೆತ್ತದೆ. "ಮೊನ್ನಿ ಕುಕ್ಕರ್ ಐದು ಸೀಟಿ ಹೊಡದ್ರೂ ಪೇಪರ್ ಓದ್ಕೋತ ಕುಂತಿದ್ರಿ. ಬ್ಯಾಳಿ ತಳಾ ಹತ್ತಿತು."

"ಕೇಳಿಸ್ತು. ಏಳಾಕ ಬ್ಯಾಸರಾಗಿತ್ತು."

"ಹೌದ್ರಿ, ಹಂಗೇ ಅನ್ರಿ."

ವಯಸ್ಸಾದವರಿಗೆ ಮೊದಲು ಕೇಳದಂತಾಗುವುದು ಚೂಪಾದ ದನಿಗಳು ಎಂದು ಎಲ್ಲೋ ಓದಿದ್ದೆ. ಓದಬಾರದಿತ್ತು. ತಾಳವನ್ನೇ ಕಿವಿಯ ಬಳಿ ತಟ್ಟಿ ನೋಡಿದೆ; ಕೇಳಿಸಿತು. ಆದರೆ ಕೇಳಿಸಿದ್ದು ಕಿವಿಗೋ, ಅಭ್ಯಾಸವಾದ ಕೈಗೋ? ಆ ಸೋಮವಾರ ಎಷ್ಟು ಅನುಮಾನದಿಂದ ತಟ್ಟಿದೆನೆಂದರೆ ಹಾರ್ಮೋನಿಯಂನವರು ಎರಡು ಸಲ ತಿರುಗಿ ನೋಡಿದರು. ಗುಮಾಸ್ತರು ಕುಡಿಯಲು ನೀರು ತಂದುಕೊಟ್ಟರು. ಅವರು ಹಿಂದೆಂದೂ ಯಾರಿಗೂ ನೀರು ತಂದುಕೊಟ್ಟವರಲ್ಲ.

ಮನೆಗೆ ಬಂದವನೇ ಯುದ್ಧಕ್ಕೆ ನಿಂತೆ. ಟ್ರೆಬಲ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ. ಎಡಬಲದ ವಾಯರು ಅದಲುಬದಲು ಮಾಡಿದೆ. ಸ್ಪೀಕರು ಕಿವಿಯ ಮಟ್ಟಕ್ಕೆ ಬರಲೆಂದು ಜೋಳದ ಹಿಟ್ಟಿನ ಡಬ್ಬಿಗಳ ಮೇಲೆ ಏರಿಸಿದೆ. ಆ ದಿನ ರೊಟ್ಟಿಯಿಲ್ಲದೆ ಅನ್ನ ಉಂಡೆವು. ತಾಳ ಏಳಲಿಲ್ಲ.

ಕೊನೆಗೆ, ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟಿರುವ ನನ್ನ ಬಾಲ್ಯದ ಗೆಳೆಯನನ್ನು ಕರೆಸಿದೆ. ಅವನು ಅಂಗಡಿಯಿಂದ ಒಂದು ಹಳೇ ಸ್ಪೀಕರು ಹೊತ್ತು ತಂದು, ಅದೇ ವಾಯರಿಗೆ ಜೋಡಿಸಿ, ಅದೇ ಭಜನೆ ಹಚ್ಚಿದ. ತಾಳ ಠಣ್ ಎಂದಿತು.

"ಕೇಳ್ತೇನು?"

"ಕೇಳ್ತು."

"ಮತ್ತ, ಕಿವಿ ಬರೋಬರ್ ಅದಾವಲ್ಲೋ ಮಾಸ್ತರ. ಯಾಕ ಮಾರಿ ಸಣ್ಣ ಮಾಡ್ಕೊಂಡು ಕುಂತೀದಿ?"

ನನಗೆ ಎದ್ದು ಕುಣಿಯಬೇಕೆನಿಸಿತು. ನಿವೃತ್ತ ಶಿಕ್ಷಕನಿಗೆ ಅದು ಶೋಭಿಸದೆಂದು ಕೆಮ್ಮಿದೆ. ಗೆಳೆಯ ಹೊಸ ಸ್ಪೀಕರಿನ ಮುಂಭಾಗದ ಕಪ್ಪು ಬಟ್ಟೆಯ ಮುಚ್ಚಳ ಕಿತ್ತ. ಕಿತ್ತವನು ಬಗ್ಗಿ ನೋಡಿದ.

"ಯಾ ಅಲ್ಲಾ! ವೈನಿ, ಜರಾ ಇಲ್ಲಿ ಬರ್ರಿ," ಎಂದು ನನ್ನ ಹೆಂಡತಿಯನ್ನು ಕರೆದ.

ಒಂದೊಂದು ಸ್ಪೀಕರಿನಲ್ಲೂ ಕೆಳಗೆ ದನಿ ಹೊರಡುವ ಒಂದು ದೊಡ್ಡ ದುಂಡು ಬಿಲ್ಲೆ, ಮೇಲೆ ನಾಣ್ಯದಷ್ಟು ಸಣ್ಣದೊಂದು, ರೇಷ್ಮೆಬಟ್ಟೆಯ ಉಬ್ಬು. ತಾಳ, ಗೆಜ್ಜೆಗಳಂಥ ಚೂಪಾದ ದನಿಯೆಲ್ಲ ಬರುವುದು ಆ ಸಣ್ಣದರಿಂದ. ಅದರ ಮೇಲೆ ಮೂರು ಬೆರಳಿನ ವಿಭೂತಿ, ನೀರಿನಲ್ಲಿ ಕಲಸಿ ಬಳಿದದ್ದು, ಒಣಗಿ ಗೋಡೆಯ ಗಿಲಾವಿನಂತೆ ಕೂತಿತ್ತು.

ಸೈಕಲ್ಲಿನಿಂದ ಫ್ರಿಜ್ಜಿನವರೆಗೆ ನಮ್ಮ ಮನೆಯ ಯಾವ ಹೊಸ ವಸ್ತುವೂ ವಿಭೂತಿಯಿಲ್ಲದೆ ಕೆಲಸಕ್ಕೆ ಇಳಿದದ್ದಿಲ್ಲ. ಮುಸುಕಿನ ಮೇಲೆ ವಿಭೂತಿ ಹಚ್ಚುವುದು ಸರಿಯಲ್ಲವೆಂದು ಮುಚ್ಚಳ ತೆಗೆದು, ಹಚ್ಚಿ, ಮತ್ತೆ ಮುಚ್ಚಲಾಗಿತ್ತು. ದೊಡ್ಡದು ಹೊಟ್ಟೆ, ಸಣ್ಣದು ಹಣೆ. ವಿಚಾರವಂತನಾದ ಯಾರೇ ಆದರೂ ಹೀಗೇ ತೀರ್ಮಾನಿಸುತ್ತಿದ್ದ.

"ಯಾರು ಹಚ್ಚಿದ್ದು ಇದು?" ಎಂದ ಗೆಳೆಯ.

"ನಾ ಅಲ್ರಿಪಾ," ಎಂದಳು ಹೆಂಡತಿ. "ಇವರೇ. ತೆಳ್ಳಗ ಹಚ್ರಿ ಅಂತ ಆವಾಗೇ ಬಡ್ಕೊಂಡೆ."

"ನನಗ ಕೇಳಿಸಿಲ್ಲ," ಎಂದೆ.

"ಕಿವಿ ಬರೋಬರ್ ಅದಾವಂತಲ್ರಿ ಈಗ?"

ಗೆಳೆಯ ನಗಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು. ಮೆತ್ತನೆಯ ಬ್ರಷ್ಷಿನಿಂದ ವಿಭೂತಿಯನ್ನು ಮೆಲ್ಲಗೆ ಬಿಡಿಸಿ, ಉದುರಿದ್ದನ್ನು ಕಾಗದದಲ್ಲಿ ಮಡಚಿ ನನ್ನ ಕೈಗಿಟ್ಟ. "ತಗೋ, ಕಾಲಾಗ ಬೀಳಬಾರದು. ಆದ್ರ ಮುಂದಿನ ಸಲ ಇದರ ಬೆನ್ನಿಗೆ ಹಚ್ಚು ಮಾರಾಯ."

ಬಲಗಡೆಯ ಸ್ಪೀಕರು ಅಂದೇ ಸರಿಹೋಯಿತು. ಎಡಗಡೆಯದರ ಉಬ್ಬು ನನ್ನ ಬೆರಳಿನ ಒತ್ತಡಕ್ಕೆ ಒಳಗೆ ಕುಸಿದಿದ್ದರಿಂದ ಆ ಸಣ್ಣ ಬಿಲ್ಲೆಯನ್ನು ಬದಲಾಯಿಸಬೇಕಾಯಿತು. ಮೇಳದ ತಾಳ ಈಗಲೂ ನನ್ನ ಬಳಿಯೇ ಇದೆ, ಗುಮಾಸ್ತರ ಕಣ್ಣು ಅದರ ಮೇಲೆ.